ಐದು ಎಕರೆಯಲ್ಲಿ ಒಂದು ಲೇಔಟ್: ಜಮೀನು ನೋಡುವುದರಿಂದ ಸೈಟು ರಿಜಿಸ್ಟರ್ ಆಗುವವರೆಗೆ

ಗುಂಟೆಗೆ 1,089 ಚದರ ಅಡಿ. ಎಕರೆಗೆ 40 ಗುಂಟೆ. ಐದು ಎಕರೆ ಅಂದರೆ 2,17,800 ಚದರ ಅಡಿ. ಇದನ್ನು 30x40ರ ಸೈಟಿಗೆ, ಅಂದರೆ 1,200ಕ್ಕೆ ಭಾಗಿಸಿದರೆ 181 ಸೈಟು ಬರುತ್ತದೆ. ಹೊಸದಾಗಿ ಲೇಔಟ್ ಮಾಡಲು ಹೊರಟವರು ನನ್ನ ಮೇಜಿನ ಮುಂದೆ ಕೂತು ಮೊದಲು ಮಾಡುವ ಲೆಕ್ಕ ಇದು. ಕೊನೆಗೆ ಅವರ ಕೈಗೆ ಬರುವುದು ಸುಮಾರು 96. ಅದೂ ಜಮೀನು ಚೌಕಾಗಿದ್ದು, ನಕ್ಷೆ ಅಚ್ಚುಕಟ್ಟಾಗಿದ್ದರೆ.

ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳ ಅಂಚಿನಲ್ಲಿ ಲೇಔಟ್ ನಕ್ಷೆ ಎಳೆಯುವುದು ನನ್ನ ಕೆಲಸ. ಬೆಂಗಳೂರಿನ ದೊಡ್ಡ ಬಿಲ್ಡರ್‌ಗಳ ಲೆಕ್ಕ ಬೇರೆ. ನಾನು ಬರೆಯುತ್ತಿರುವುದು ಮೂರು, ಐದು, ಹತ್ತು ಎಕರೆ ಹಿಡಿದು ಸಾಲ ಸೋಲ ಮಾಡಿ ಇಳಿಯುವವರಿಗೆ. ಇಷ್ಟು ವರ್ಷದಲ್ಲಿ ನಾನು ಕಂಡಂತೆ ಲೇಔಟ್‌ನಲ್ಲಿ ದುಡ್ಡು ಉಳಿಸುವುದು ಎರಡೇ ಸಂಗತಿ: ಎಷ್ಟು ಸೈಟು ಬಿತ್ತು, ಎಷ್ಟು ತಿಂಗಳು ಹಿಡಿಯಿತು. ಈ ಎರಡೂ ಜೆಸಿಬಿ ಜಮೀನಿಗೆ ಇಳಿಯುವ ಮೊದಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತವೆ.

ಮೊದಲು ಒಂದು ಹಾಳೆಯ ಲೆಕ್ಕ

ಅಡ್ವಾನ್ಸ್ ಕೊಡುವ ಮೊದಲು ಒಂದು ಹಾಳೆಯಲ್ಲಿ ಇದನ್ನು ಬರೆದುಕೊಳ್ಳಿ. ಇಲ್ಲಿನ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮೂರಿನ ದರ ಹಾಕಿ ನೀವೇ ಮತ್ತೆ ಮಾಡಿ.

ಜಮೀನು ಎಕರೆಗೆ 80 ಲಕ್ಷ, ಐದು ಎಕರೆಗೆ 4 ಕೋಟಿ. ಸ್ಟಾಂಪು, ನೋಂದಣಿ 30 ಲಕ್ಷ. ಸರ್ವೆ, ಕನ್ವರ್ಷನ್ (ಕೃಷಿ ಜಮೀನನ್ನು ವಸತಿಗೆ ಬದಲಾಯಿಸುವುದು), ಅಪ್ರೂವಲ್ ಶುಲ್ಕ ಎಲ್ಲ ಸೇರಿ 25 ಲಕ್ಷ. ರಸ್ತೆ, ಚರಂಡಿ, ನೀರು, ಕರೆಂಟು ಎಕರೆಗೆ 60 ಲಕ್ಷದಂತೆ 3 ಕೋಟಿ. ಇನ್ನು ಎಲ್ಲರೂ ಮರೆಯುವ ಸಾಲು: ಜಮೀನಿಗೆ ಹಾಕಿದ 4 ಕೋಟಿಯ ಬಡ್ಡಿ. ವರ್ಷಕ್ಕೆ ಶೇ 15 ಅಂದುಕೊಂಡರೆ ತಿಂಗಳಿಗೆ 5 ಲಕ್ಷ. ಎರಡೂವರೆ ವರ್ಷಕ್ಕೆ ಒಂದೂವರೆ ಕೋಟಿ.

ಒಟ್ಟು 9 ಕೋಟಿ 5 ಲಕ್ಷ. 96 ಸೈಟಿನ 1,15,200 ಚದರ ಅಡಿಗೆ ಹಂಚಿದರೆ ಅಡಿಗೆ ಸುಮಾರು 786 ರೂಪಾಯಿ ನಿಮ್ಮ ಅಸಲು. ಅಡಿಗೆ 1,100ರಂತೆ ಮಾರಿದರೆ 12 ಕೋಟಿ 67 ಲಕ್ಷ ಬರುತ್ತದೆ. ಬ್ರೋಕರ್ ಕಮಿಷನ್ ಶೇ 3 ಅಂದರೆ 38 ಲಕ್ಷ ಕಳೆಯಿರಿ. ಆದಾಯ ತೆರಿಗೆಗೆ ಮುಂಚೆ ಉಳಿಯುವುದು 3 ಕೋಟಿ 24 ಲಕ್ಷ.

ಚೆನ್ನಾಗಿದೆ ಅಲ್ವಾ? ಈಗ ಅದೇ ಹಾಳೆಯಲ್ಲಿ ಎರಡು ಅಂಕಿ ಮಾತ್ರ ಬದಲಾಯಿಸಿ. ನಕ್ಷೆಯಲ್ಲಿ 8 ಸೈಟು ಕಡಿಮೆ ಬಿದ್ದವು: ಒಂದು ಕೋಟಿ ಹೋಯಿತು. ಕೆಲಸ ಒಂದು ವರ್ಷ ತಡವಾಯಿತು: ಇನ್ನೊಂದು 60 ಲಕ್ಷ ಹೋಯಿತು. ಉಳಿದದ್ದು 1 ಕೋಟಿ 61 ಲಕ್ಷ. ಮಾರುವ ದರ ಒಂದು ರೂಪಾಯಿಯೂ ಇಳಿದಿಲ್ಲ, ಲಾಭ ಮಾತ್ರ ಅರ್ಧ ಆಗಿದೆ. 'ಅಡಿಗೆ 1,100 ಬಂದೇ ಬರುತ್ತೆ ಸಾರ್' ಅಂತ ಬ್ರೋಕರ್ ಹೇಳಿದಾಗ ಈ ಎರಡು ಅಂಕಿಗಳನ್ನು ನೆನಪಿಸಿಕೊಳ್ಳಿ.

ಇನ್ನೊಂದು ಮಾತು. ಡೆವಲಪರ್‌ಗೆ ಜಮೀನು ಕೊಳ್ಳಲು ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಹಾಗಾಗಿ ಈ ದುಡ್ಡು ಕೈಗಡವೋ ಖಾಸಗಿ ಬಡ್ಡಿಯೋ ಪಾಲುದಾರರದೋ ಆಗಿರುತ್ತದೆ. ತಿಂಗಳಿಗೆ 5 ಲಕ್ಷದ ಭಾರ ಬೇಡ ಅನ್ನುವವರು ಜಮೀನಿನ ಮಾಲೀಕರ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಮಾಡಿಕೊಳ್ಳುತ್ತಾರೆ. ಖರ್ಚು ನಿಮ್ಮದು, ಜಮೀನು ಅವರದು, ಸೈಟುಗಳಲ್ಲಿ ಪಾಲು. ಮೊದಲ ಲೇಔಟ್ ಮಾಡುವವರಿಗೆ ನನ್ನ ಸಲಹೆ ಇದೇ. ಆದರೆ ಯಾವ ಸೈಟು ಯಾರಿಗೆ ಅನ್ನುವುದನ್ನು ನಕ್ಷೆ ಒಪ್ಪಿಗೆ ಆದ ದಿನವೇ ನಂಬರ್ ಸಮೇತ ಬರೆದುಕೊಳ್ಳಿ. 'ಆಮೇಲೆ ನೋಡಿಕೊಂಡರಾಯಿತು' ಅಂದ ಕಡೆ ಮೂಲೆ ಸೈಟುಗಳಿಗೆ ಜಗಳ ಬಿದ್ದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಜಮೀನನ್ನು ಮಳೆಗಾಲದಲ್ಲಿ ನೋಡಿ

ಬೇಸಿಗೆಯಲ್ಲಿ ಎಲ್ಲ ಜಮೀನೂ ಚೆನ್ನಾಗಿ ಕಾಣುತ್ತದೆ. ಒಂದು ದೊಡ್ಡ ಮಳೆ ಬಂದ ಮರುದಿನ ಹೋಗಿ, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ನೋಡಿ. ಪಕ್ಕದ ಹೊಲದವರನ್ನು ಕೇಳಿದರೆ ಹಳ್ಳ ಎಲ್ಲಿ ಹರಿಯುತ್ತಿತ್ತು ಅಂತ ಹೇಳುತ್ತಾರೆ. ಮಾರುವವರು ಇದನ್ನು ಹೇಳುವುದಿಲ್ಲ.

ಮಣ್ಣು ನೋಡಿ. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ದಾವಣಗೆರೆ, ಹಾವೇರಿ, ಗದಗ ಕಡೆ ಇದು ಮಾಮೂಲು. ರಸ್ತೆಯಡಿ ಎರೆ ತೆಗೆದು ಗರಸು ತುಂಬಬೇಕು, ಖರ್ಚು ಜಾಸ್ತಿ. ತುಮಕೂರು, ಕೋಲಾರ ಕಡೆ ತೊಂದರೆ ತಿರುಗುಮುರುಗು: ಮೂರು ಅಡಿ ಅಗೆದರೆ ಬಂಡೆ. ಒಳಚರಂಡಿ ಪೈಪಿಗೆ ಬಂಡೆ ಒಡೆಯುವ ಬಿಲ್ಲು ನೋಡಿದವರಿಗೆ ನಾನೇನೂ ಹೇಳಬೇಕಿಲ್ಲ. ಕೊಳ್ಳುವ ಮೊದಲು ನಾಲ್ಕೈದು ಕಡೆ ಜೆಸಿಬಿಯಿಂದ ಆರು ಅಡಿ ಗುಂಡಿ ತೆಗೆಸಿ. ಅರ್ಧ ದಿನದ ಬಾಡಿಗೆ ಅಷ್ಟೇ.

ತಲೆ ಎತ್ತಿಯೂ ನೋಡಿ. ಹೈಟೆನ್ಷನ್ ಲೈನ್ ಹಾದುಹೋಗಿದ್ದರೆ 66 ಕೆ.ವಿ.ಗೆ 18 ಮೀಟರ್, 220 ಕೆ.ವಿ.ಗೆ 35 ಮೀಟರ್ ಅಗಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ. 330 ಅಡಿ ಅಗಲ, 660 ಅಡಿ ಉದ್ದದ ಐದು ಎಕರೆಯನ್ನು 220 ಕೆ.ವಿ. ಲೈನ್ ಅಡ್ಡ ದಾಟಿದರೆ ಜಮೀನಿನ ಶೇ 17ರಷ್ಟು ಅಲ್ಲೇ ಹೋಯಿತು. ಲೈನ್ ಕೆಳಗೆ ರಸ್ತೆ ತರಬಹುದೇ, ಎಷ್ಟು ಜಾಗ ಲೆಕ್ಕಕ್ಕೆ ಬರುತ್ತದೆ ಅಂತ ಊರಿನ ಯೋಜನಾ ಪ್ರಾಧಿಕಾರದಲ್ಲಿ ಕೇಳಿಯೇ ದರ ಮಾತಾಡಿ.

ಜಮೀನಿಗೆ ಹೋಗುವ ದಾರಿ ಯಾರದು? ಇದು ದೊಡ್ಡ ಪ್ರಶ್ನೆ. ಕಣ್ಣಿಗೆ 30 ಅಡಿ ರಸ್ತೆ ಕಾಣಬಹುದು. ದಾಖಲೆಯಲ್ಲಿ ಅದು ಯಾರದೋ ಹೊಲದ ಬದು ಆಗಿರಬಹುದು. ಸರ್ಕಾರಿ ರಸ್ತೆಯಿಂದ ಜಮೀನಿನ ತನಕ ಕಾಗದದಲ್ಲಿ ಅಗಲವಾದ ದಾರಿ ಇಲ್ಲದಿದ್ದರೆ ಆ ಜಮೀನು ತೋಟ ಮಾಡಲು ಚೆಂದ, ಲೇಔಟ್‌ಗಲ್ಲ.

ಕಾಗದಪತ್ರ: ಇಲ್ಲಿ ಅವಸರ ಬೇಡ

ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಇ.ಸಿ. (ಋಣಭಾರ ಪತ್ರ), ಕ್ರಯಪತ್ರ ಇವನ್ನು ಎಲ್ಲರೂ ನೋಡುತ್ತಾರೆ. ಕೇಸು ಬೀಳುವುದು ಇವುಗಳಿಂದಾಚೆ.

ಮೊದಲನೆಯದು ವಂಶವೃಕ್ಷ. ಪಿತ್ರಾರ್ಜಿತ ಜಮೀನಾದರೆ ಹೆಣ್ಣುಮಕ್ಕಳ ಸಹಿ ಬೇಕೇ ಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕು ಅನ್ನುವ ಷರತ್ತೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 'ಅಕ್ಕಂದಿರಿಗೆ ಮದುವೆಯಲ್ಲೇ ಕೊಟ್ಟಿದ್ದೀವಿ, ಅವರು ಕೇಳೋದಿಲ್ಲ' ಅನ್ನುವ ಮಾತಿಗೆ ಬೆಲೆ ಇಲ್ಲ. ಎಕರೆಗೆ 80 ಲಕ್ಷ ಬಂತು ಅಂತ ಗೊತ್ತಾದ ದಿನ ಅವರೂ ಕೇಳುತ್ತಾರೆ. ಕೇಳುವುದು ನ್ಯಾಯವೇ. ಎಲ್ಲರನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆತರುವ ಜವಾಬ್ದಾರಿ ಮಾರುವವರದು ಅಂತ ಕರಾರಿನಲ್ಲೇ ಬರೆಸಿ.

ಎರಡನೆಯದು, ಜಮೀನು ಮೂಲದಲ್ಲಿ ಹೇಗೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಜಮೀನು ಮೂಲ ಮಂಜೂರುದಾರರಿಗೆ ವಾಪಸ್ಸು. ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ನಡುವೆ ಮೂರು ಕೈ ಬದಲಾಗಿದೆ ಅನ್ನುವುದು ನಿಮ್ಮನ್ನು ಕಾಪಾಡುವುದಿಲ್ಲ. ಹಳೆಯ ಕೈಬರಹದ ಪಹಣಿ, ಮಂಜೂರಾತಿ ಕಡತ ತೆಗೆಸಿ ನೋಡುವ ವಕೀಲರನ್ನೇ ಹಿಡಿಯಿರಿ.

ಮೂರನೆಯದು ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ. ಪಹಣಿಯಲ್ಲಿ ಎ-ಖರಾಬು, ಬಿ-ಖರಾಬು ಅಂತ ಇರುತ್ತದೆ. ಬಿ-ಖರಾಬು ಅಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದಕ್ಕೆ ದುಡ್ಡೂ ಕೊಡಬೇಡಿ, ಸೈಟೂ ಹಾಕಬೇಡಿ.

ನಾಲ್ಕನೆಯದನ್ನು ನಾನೇ ದುಡ್ಡು ತೆತ್ತು ಕಲಿತೆ. ಒಂದು ಜಮೀನಿಗೆ ನಕ್ಷೆ ಎಳೆದು ಮುಗಿಸಿದ್ದೆ. ಹೊಲ ಸಾಫಾಗಿತ್ತು, ದಾರಿ ಗೀರಿ ಏನೂ ಕಾಣುತ್ತಿರಲಿಲ್ಲ. ಅರ್ಜಿ ಸ್ಥಳ ಪರಿಶೀಲನೆಗೆ ಬಂದಾಗ ಸರ್ವೆಯವರು ಗ್ರಾಮ ನಕ್ಷೆ ಬಿಚ್ಚಿ ತೋರಿಸಿದರು. ಜಮೀನಿನ ನಡುವೆ ಓರೆಯಾಗಿ ಬಂಡಿದಾರಿ! ರೈತರು ಎಷ್ಟೋ ವರ್ಷದ ಹಿಂದೆ ಅದನ್ನು ಉತ್ತು ಸೇರಿಸಿಕೊಂಡಿದ್ದರು. ನಕ್ಷೆಯಲ್ಲಿ ಅದು ಹಾಗೇ ಇತ್ತು. ಮೂರು ಸಲ ನಕ್ಷೆ ಬದಲಾಯಿಸಿದೆ. ಏಳು ಸೈಟು ಹೋದವು, ನಾಲ್ಕು ತಿಂಗಳು ಹೋಯಿತು, ನನ್ನ ಫೀಸೂ ಹೋಯಿತು. ಅಂದಿನಿಂದ ಗ್ರಾಮ ನಕ್ಷೆ, ಟಿಪ್ಪಣಿ (ಸರ್ವೆ ನಂಬರಿನ ಅಳತೆಯ ಹಳೆಯ ನಕಾಶೆ), ಆಕಾರಬಂದ್ (ವಿಸ್ತೀರ್ಣದ ದಾಖಲೆ) ಮೂರೂ ಮೇಜಿನ ಮೇಲೆ ಬರದೆ ನಾನು ಗೆರೆ ಎಳೆಯುವುದಿಲ್ಲ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಗಡಿ ಮೊದಲ ನೋಟಕ್ಕೆ ಸಿಗುತ್ತದೆ. ಆದರೆ ಅದನ್ನೇ ನಂಬಿ ಅಡ್ವಾನ್ಸ್ ಕೊಡಬೇಡಿ.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಹುದೇ ಅಂತ ಈಗಲೂ ಕೇಳುತ್ತಾರೆ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ರದ್ದಾಗಿವೆ. ಕೊಳ್ಳಬಹುದು.

ಯಾರ ಒಪ್ಪಿಗೆ, ಯಾವ ಸಾಲಿನಲ್ಲಿ

ಮೊದಲು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ನೋಡಿ. ಹಳದಿ ಅಂದರೆ ವಸತಿ. ಹಸಿರು ಅಂದರೆ ಕೃಷಿ ವಲಯ ಅಥವಾ ಪಾರ್ಕು. ಹಸಿರನ್ನು ಹಳದಿ ಮಾಡಿಸುವುದು ಸಾಧ್ಯ, ಆದರೆ ಅದು ವರ್ಷಗಟ್ಟಲೆ ಎಳೆಯುವ ಕೆಲಸ. ತಿಂಗಳಿಗೆ 5 ಲಕ್ಷ ನೆನಪಿದೆಯಲ್ಲ? ಮಹಾಯೋಜನೆಯ ಹೊಸ ರಸ್ತೆ ನಿಮ್ಮ ಜಮೀನಿನ ಮೇಲೆ ಹಾದಿದೆಯೇ ಅಂತಲೂ ನೋಡಿ. 80 ಅಡಿ ರಸ್ತೆ ನಿಮ್ಮ ಹೊಲದ ನಡುವೆ ಬಂದರೆ ಸೈಟು ಕಮ್ಮಿ ಆಗುತ್ತವೆ. ಅಂಚಿನಲ್ಲಿ ಬಂದರೆ ದರ ಏರುತ್ತದೆ.

ಆಮೇಲೆ ಸಾಲು ಹೀಗೆ. ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕನ್ವರ್ಷನ್. ನಂತರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಪ್ರಕಾರ ಲೇಔಟ್ ನಕ್ಷೆಗೆ ಒಪ್ಪಿಗೆ. ಊರಿಗೆ ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರ ಇದ್ದರೆ ಅಲ್ಲಿ, ಇಲ್ಲದಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಲ್ಲಿ. ಆಮೇಲೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ. ಆಮೇಲೆ ಕೆಲಸ.

'ಪಂಚಾಯ್ತಿ ಅಪ್ರೂವಲ್ ಸಾಕು' ಅನ್ನುವವರು ಇನ್ನೂ ಇದ್ದಾರೆ. ಯೋಜನಾ ಪ್ರಾಧಿಕಾರದ ಒಪ್ಪಿಗೆ ಇಲ್ಲದ ನಕ್ಷೆಗೆ ಪಂಚಾಯ್ತಿ ಸೀಲು ಹಾಕಿದರೆ ಅದು ರೆವಿನ್ಯೂ ಸೈಟೇ. ಬ್ಯಾಂಕ್ ಸಾಲ ಸಿಗುವುದಿಲ್ಲ, ಸಾಲ ಸಿಗದ ಸೈಟಿಗೆ ದರ ಬರುವುದಿಲ್ಲ.

ಕೆರೆ, ರಾಜಕಾಲುವೆ ಹತ್ತಿರ ಇದ್ದರೆ ಬಫರ್ (ಏನೂ ಕಟ್ಟದೆ ಬಿಡಬೇಕಾದ ಅಂತರ) ಎಷ್ಟು ಅಂತ ಅರ್ಜಿ ಹಾಕುವ ವಾರದ ನಿಯಮವನ್ನೇ ನೋಡಿ. ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಅಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಇಂಥ ಏರಿಳಿತದ ನಡುವೆ ಸಿಕ್ಕಿಬಿದ್ದವರು ಬಹಳ ಜನ. ನಾನಂತೂ ಕೆರೆ ಕಡೆಯ ಅಂಚಿನಲ್ಲಿ ಯಾವಾಗಲೂ ಪಾರ್ಕ್ ಇಡುತ್ತೇನೆ. ನಿಯಮ ಹೇಗೆ ಬದಲಾದರೂ ಪಾರ್ಕಿಗೆ ಏನೂ ಆಗುವುದಿಲ್ಲ.

ಗೆರೆ ಎಳೆಯುವುದು

ಇದು ನನಗೆ ಇಷ್ಟದ ಭಾಗ. ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಮೊದಲು ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರದಿಂದ ಸರ್ವೆ ಮಾಡಿಸಿ, ಏರುತಗ್ಗಿನ ಗೆರೆಗಳ ಸಮೇತ. ಬರೀ ಗಡಿ ಅಳತೆ ಸಾಲದು. ನೀರು ಹರಿಯುವ ದಿಕ್ಕು ಕಾಗದದ ಮೇಲೆ ಕಾಣಬೇಕು.

ಈಗ ನಿಯಮ. ನಾನು ಕೆಲಸ ಮಾಡುವ ಊರುಗಳಲ್ಲಿ ಸೈಟುಗಳಿಗೆ ಸಿಗುವುದು ಹೆಚ್ಚೆಂದರೆ ಶೇ 55. ಪಾರ್ಕಿಗೆ ಶೇ 10, ನಾಗರಿಕ ಸೌಲಭ್ಯಕ್ಕೆ ಅಂದರೆ ಸಿ.ಎ. ಸೈಟಿಗೆ ಶೇ 5, ಉಳಿದದ್ದು ರಸ್ತೆ. ರಸ್ತೆ ಕನಿಷ್ಠ 9 ಮೀಟರ್, ಆಡುಮಾತಿನಲ್ಲಿ 30 ಅಡಿ. ಮುಖ್ಯ ರಸ್ತೆ 12 ಮೀಟರ್, ಅಂದರೆ 40 ಅಡಿ. ನಿಮ್ಮೂರಿನ ವಲಯ ನಿಯಮದಲ್ಲಿ ಈ ಅಂಕಿಗಳನ್ನು ಒಮ್ಮೆ ತಾಳೆ ನೋಡಿ.

ಜನ ಶೇ 55ರ ಮೇಲೆ ಸಿಟ್ಟಾಗುತ್ತಾರೆ. ನಿಜ ಹೇಳಬೇಕೆಂದರೆ ಬಹಳ ನಕ್ಷೆಗಳು ಶೇ 55 ಮುಟ್ಟುವುದೇ ಇಲ್ಲ. ಯಾಕೆ ಅಂತ ನೋಡಿ. ಬೆನ್ನಿಗೆ ಬೆನ್ನು ಹಚ್ಚಿ ಎರಡು ಸಾಲು ಸೈಟು, ಒಂದು ರಸ್ತೆ. ಇದು ಲೇಔಟ್‌ನ ಮೂಲ ತುಂಡು. 30x40 ಸೈಟಿನಲ್ಲಿ 40ರ ಆಳ ಎರಡು ಸಲ 80, ರಸ್ತೆ 30, ಒಟ್ಟು 110 ಅಡಿ. ಅದರಲ್ಲಿ ಮಾರುವ ಜಾಗ ಶೇ 73ರ ಹತ್ತಿರ. 20x30 ಹಾಕಿದರೆ ಶೇ 67ಕ್ಕೆ ಇಳಿಯುತ್ತದೆ. 30x50ಕ್ಕೆ ಶೇ 77. ಪಾರ್ಕು, ಸಿ.ಎ.ಗೆ ಶೇ 15 ಬಿಟ್ಟು, 300 ಅಡಿಗೊಂದು ಅಡ್ಡರಸ್ತೆ ಕಳೆದರೆ 30x40ಕ್ಕೆ ಶೇ 56, 20x30ಕ್ಕೆ ಶೇ 51, 30x50ಕ್ಕೆ ಶೇ 59. ಶೇ 55ರ ಮಿತಿಯ ಮೇಲಿನದು ಹೇಗೂ ನಿಮಗೆ ಸಿಗುವುದಿಲ್ಲ. ಹಾಗಾಗಿ 30x40 ನಿಯಮಕ್ಕೂ ಮಾರುಕಟ್ಟೆಗೂ ಸರಿಯಾಗಿ ಕೂರುವ ಅಳತೆ. ಚಿಕ್ಕ ಸೈಟು ಬೇಗ ಮಾರಾಟ ಆಗುತ್ತದೆ ಅಂತ ಬರೀ 20x30 ತುಂಬಿದರೆ ರಸ್ತೆಗೆ ಜಮೀನು ದಾನ ಮಾಡಿದ ಹಾಗೆ.

1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಂಥ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕಸ, ಹೊಲಸು ಸಾಗಿಸುವ ಕಿರುದಾರಿ ಇರುತ್ತದೆ. ಗಾಳಿ, ಬೆಳಕು, ಶುಚಿತ್ವಕ್ಕೆ ಬಹಳ ಒಳ್ಳೆಯದು. ಇವತ್ತು 10 ಅಡಿಯ ಅಂಥ ಗಲ್ಲಿ ಬಿಟ್ಟರೆ 110ರ ತುಂಡು 120 ಆಗಿ, ಶೇ 73 ಇದ್ದದ್ದು ಶೇ 67ಕ್ಕೆ ಬೀಳುತ್ತದೆ. ಯಾರು ಬಿಡುತ್ತಾರೆ?

ನಮ್ಮ ಐದು ಎಕರೆಯನ್ನು ಈಗ ಎಳೆಯೋಣ. ಜಮೀನು ಪೂರ್ವ ಪಶ್ಚಿಮ 330 ಅಡಿ, ಉತ್ತರ ದಕ್ಷಿಣ 660 ಅಡಿ ಅಂದುಕೊಳ್ಳಿ. ಊರ ರಸ್ತೆ ಪಶ್ಚಿಮದಲ್ಲಿ. 330 ಅಡಿಗೆ 110ರ ಮೂರು ತುಂಡು ಸರಿಯಾಗಿ ಕೂರುತ್ತವೆ. ಉತ್ತರ ದಕ್ಷಿಣವಾಗಿ ಮೂರು ರಸ್ತೆ, ಆರು ಸಾಲು ಸೈಟು. ಉತ್ತರದ ತುದಿಯಲ್ಲಿ 99 ಅಡಿಯ ಪಟ್ಟಿ ಪಾರ್ಕಿಗೆ, ಸಿ.ಎ.ಗೆ. ಅದು ಸರಿಯಾಗಿ ಶೇ 15. ಪಾರ್ಕಿನ ಮುಂದೆ 30 ಅಡಿ ರಸ್ತೆ, ದಕ್ಷಿಣದ ತುದಿಯಲ್ಲಿ 40 ಅಡಿಯ ಮುಖ್ಯ ರಸ್ತೆ. ನಡುವೆ ಉಳಿಯುವುದು 491 ಅಡಿ. 30 ಅಡಿಯಂತೆ ಸಾಲಿಗೆ 16 ಸೈಟು. ಆರು ಸಾಲಿಗೆ 96.

ಸಾಲಿಗೆ 11 ಅಡಿ ಮಿಗುತ್ತದೆ. ಇದನ್ನು ಸುಮ್ನೆ ಬಿಡಬೇಡಿ. ಉತ್ತರದ ತುದಿಯ ಸೈಟುಗಳಿಗೆ ಸೇರಿಸಿದರೆ ಅವು 41x40 ಆಗುತ್ತವೆ. ಆರು ಸೈಟಿಗೆ ಒಟ್ಟು 2,640 ಚದರ ಅಡಿ, ಅಡಿಗೆ 1,100ರಂತೆ 29 ಲಕ್ಷ. ಒಟ್ಟು ಶೇ 54, ಮಿತಿಯೊಳಗೇ ಇದೆ.

ರಸ್ತೆಗಳನ್ನು ಉತ್ತರ ದಕ್ಷಿಣ ಯಾಕೆ ಎಳೆದೆ? ಹಾಗೆ ಎಳೆದರೆ 48 ಸೈಟು ಪೂರ್ವಕ್ಕೆ, 48 ಪಶ್ಚಿಮಕ್ಕೆ ಮುಖ ಮಾಡುತ್ತವೆ. ಅದೇ ರಸ್ತೆಗಳನ್ನು ಪೂರ್ವ ಪಶ್ಚಿಮ ತಿರುಗಿಸಿದರೆ ಅರ್ಧ ಸೈಟು ದಕ್ಷಿಣಕ್ಕೆ ಬೀಳುತ್ತವೆ. ವಾಸ್ತು ನೀವು ನಂಬುತ್ತೀರೋ ಬಿಡುತ್ತೀರೋ, ಕೊಳ್ಳುವವರು ನಂಬುತ್ತಾರೆ. ದಕ್ಷಿಣ ಮುಖದ ಸೈಟು ಎಲ್ಲ ಮುಗಿದ ಮೇಲೆ, ದರ ಇಳಿಸಿದ ಮೇಲೆ ಹೋಗುತ್ತದೆ. ನಾನು ನಂಬುವವನಲ್ಲ, ಆದರೆ ಗಿರಾಕಿಯ ದುಡ್ಡಿನಲ್ಲಿ ನನ್ನ ವಿಚಾರವಾದ ಸಾಧಿಸಲು ಹೋಗುವುದಿಲ್ಲ. ಹೀಗೇ ರಸ್ತೆ ನೇರವಾಗಿ ಬಂದು ಗುದ್ದುವ ಸೈಟನ್ನೂ ಜನ ಬಿಡುತ್ತಾರೆ. ಆ ಜಾಗದಲ್ಲಿ ಪಾರ್ಕು, ನೀರಿನ ಟ್ಯಾಂಕು ತಂದಿಡಿ. ಮೇಲಿನ ನಕ್ಷೆಯಲ್ಲಿ ಮೂರೂ ರಸ್ತೆ ಪಾರ್ಕಿಗೇ ಹೋಗಿ ಮುಟ್ಟುತ್ತವೆ, ನೋಡಿ.

480 ಅಡಿಯ ಸಾಲು ಉದ್ದ ಆಯಿತು, ನಡುವೆ ಒಂದು ಅಡ್ಡರಸ್ತೆ ಇರಲಿ ಅನ್ನುತ್ತಾರೆ ಕೆಲವರು. ಹಾಕಿದರೆ ಸಾಲಿಗೊಂದು ಸೈಟು ಹೋಗುತ್ತದೆ. ಆರು ಸೈಟು ಅಂದರೆ 79 ಲಕ್ಷ. ಬದಲಿಗೆ ಹನ್ನೆರಡು ಮೂಲೆ ಸೈಟು ಸಿಗುತ್ತವೆ. ಮೂಲೆಗೆ ಅಡಿಗೆ 100 ರೂಪಾಯಿ ಜಾಸ್ತಿ ಬಂದರೂ 14 ಲಕ್ಷ ಅಷ್ಟೇ. ಪ್ರಾಧಿಕಾರ ಕೇಳಿದರೆ ಕೊಡಿ, ನೀವಾಗಿ ಹಾಕಬೇಡಿ.

ಇಷ್ಟು ಚೌಕಾದ ಜಮೀನು ಯಾರಿಗೂ ಸಿಗುವುದಿಲ್ಲ ಅನ್ನುವುದು ನನಗೂ ಗೊತ್ತು. ನಿಜವಾದ ಜಮೀನು ಒಂದು ಕಡೆ ಮೂತಿಯಂತೆ ಚಾಚಿರುತ್ತದೆ, ಇನ್ನೊಂದು ಕಡೆ ಕಚ್ಚಿದ ಹಾಗಿರುತ್ತದೆ. ಆಗ ಒಂದೇ ಉಪಾಯ: ಜಮೀನಿನ ಚೌಕಾದ ಹೊಟ್ಟೆಯಲ್ಲಿ ಸೈಟು, ಸೊಟ್ಟ ಮೂಲೆಗಳಲ್ಲಿ ಪಾರ್ಕು, ಸಿ.ಎ. ಆದರೆ ಪಾರ್ಕು ಆಟವಾಡಲು ಆಗುವಷ್ಟಾದರೂ ಅಗಲ ಇರಲಿ. ಚೂರುಪಾರು ಜಾಗ ಕೂಡಿಸಿ ಶೇ 10 ತೋರಿಸಿದರೆ ನಕ್ಷೆ ವಾಪಸ್ಸು ಬರುತ್ತದೆ. ಇನ್ನು ಊರ ರಸ್ತೆಗೆ ಸೇರುವ ಮುಖ್ಯ ರಸ್ತೆ ಬಿಟ್ಟರೆ, ಗಡಿಗುಂಟ ಒಂದೇ ಬದಿ ಸೈಟು ಇರುವ ರಸ್ತೆ ಬೇಡವೇ ಬೇಡ. ಪಕ್ಕದವರ ಹೊಲಕ್ಕೆ ನೀವು ಪುಕ್ಕಟೆ ರಸ್ತೆ ಮಾಡಿಕೊಟ್ಟಂತೆ.

ನೀರು, ಚರಂಡಿ, ಕರೆಂಟು

96 ಮನೆ, ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 64,800 ಲೀಟರ್. ಪುಸ್ತಕದ ಲೆಕ್ಕ ಇದು. ನಮ್ಮಲ್ಲಿ 30x40ರಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆ ಮನೆ ಕಟ್ಟುವುದು ವಾಡಿಕೆ. ಪೈಪು, ಟ್ಯಾಂಕು ಎರಡರಷ್ಟು ತಡೆಯುವಂತೆ ಇಡಿ. ಬೋರ್‌ವೆಲ್ ಪಾಯಿಂಟನ್ನು ಜಮೀನು ಕೊಳ್ಳುವಾಗಲೇ ನೋಡಿಸಿ. ನೀರಿಲ್ಲದ ಲೇಔಟಿನ ಸುದ್ದಿ ಊರಲ್ಲಿ ಬೇಗ ಹಬ್ಬುತ್ತದೆ.

ಒಳಚರಂಡಿ ಇಳಿಜಾರಿನಲ್ಲೇ ಹರಿಯಬೇಕು. 150 ಎಂ.ಎಂ. ಪೈಪಿಗೆ 100 ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟರೆ ನೆಮ್ಮದಿ. 560 ಅಡಿ ಹೋಗುವಷ್ಟರಲ್ಲಿ ಐದೂವರೆ ಅಡಿ ಇಳಿದಿರುತ್ತದೆ. ಶುರುವಿನಲ್ಲೇ ಮೂರು ಅಡಿ ಆಳ ಇದ್ದರೆ ಕೊನೆಯ ಮ್ಯಾನ್‌ಹೋಲ್ ಎಂಟು ಅಡಿ ದಾಟುತ್ತದೆ. ಜಮೀನೇ ಅತ್ತ ಇಳಿದಿದ್ದರೆ ಇಷ್ಟು ಅಗೆಯಬೇಕಿಲ್ಲ. ಅದಕ್ಕೇ ಏರುತಗ್ಗಿನ ಸರ್ವೆ ಬೇಕು ಅಂದದ್ದು. ಕೊಳಚೆ ನೀರಿನ ಘಟಕ ಅತಿ ತಗ್ಗಿನ ಮೂಲೆಯಲ್ಲಿ ಬರಬೇಕು. ಆ ಮೂಲೆ ಈಶಾನ್ಯವೇ ಆಗಿಬಿಟ್ಟರೆ ಗಿರಾಕಿಗಳು ಮೂಗು ಮುರಿಯುತ್ತಾರೆ. ಅಂಥ ಕಡೆ ನಡುವೆ ದಟ್ಟವಾಗಿ ಗಿಡ ಹಾಕಿಸಿ ಮುಚ್ಚಿದ್ದೇನೆ. ನೀರು ಮಾತ್ರ ವಾಸ್ತು ಕೇಳುವುದಿಲ್ಲ.

ಕರೆಂಟಿಗೆ ಎಸ್ಕಾಂನಲ್ಲಿ ಅಂದಾಜುಪಟ್ಟಿ ಮಾಡಿಸಿ, ಪರವಾನಗಿ ಇರುವ ಗುತ್ತಿಗೆದಾರರಿಂದ ನೀವೇ ಕೆಲಸ ಮಾಡಿಸಬಹುದು. ಮೇಲ್ವಿಚಾರಣೆ ಶುಲ್ಕ ಅವರಿಗೆ ಕಟ್ಟಬೇಕು. ಟ್ರಾನ್ಸ್‌ಫಾರ್ಮರ್ ಜಾಗವನ್ನು ನಕ್ಷೆಯಲ್ಲೇ ಗುರುತಿಸಿ. ಆಮೇಲೆ ಹುಡುಕಿದರೆ ಅದು ಯಾರದಾದರೂ ಸೈಟಿನ ಮುಂದೆಯೇ ಬರುತ್ತದೆ.

ರೇರಾ ಮೊದಲು, ಬ್ರೋಷರ್ ಆಮೇಲೆ

2016ರ ರೇರಾ ಕಾಯ್ದೆ ಅಪಾರ್ಟ್‌ಮೆಂಟಿಗೆ ಮಾತ್ರ ಅಂತ ಕೆಲವರು ಅಂದುಕೊಂಡಿದ್ದಾರೆ. 500 ಚದರ ಮೀಟರ್ ದಾಟಿದ ಲೇಔಟಿಗೂ ಅದು ಅನ್ವಯ. ಐದು ಗುಂಟೆ ಇದ್ದರೇ ದಾಟಿತು! ನೋಂದಣಿ ನಂಬರ್ ಬರುವ ತನಕ ಜಾಹೀರಾತು, ಬುಕಿಂಗ್, ವಾಟ್ಸ್ಆ್ಯಪ್ ಗ್ರೂಪಿನಲ್ಲಿ 'ಪ್ರೀ ಲಾಂಚ್ ಆಫರ್' ಯಾವುದೂ ಬೇಡ. ತಪ್ಪಿದರೆ ಯೋಜನೆಯ ಅಂದಾಜು ವೆಚ್ಚದ ಶೇ 10ರ ತನಕ ದಂಡ ಹಾಕಬಹುದು. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವಂತಿಲ್ಲ.

ಗಿರಾಕಿಗಳಿಂದ ಬಂದದ್ದರಲ್ಲಿ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ಜಮೀನು ಮತ್ತು ಕಾಮಗಾರಿ ವೆಚ್ಚಕ್ಕೆ ಮಾತ್ರ ಅದನ್ನು ತೆಗೆಯಬಹುದು. ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರ ಪ್ರಮಾಣಪತ್ರ ಬೇಕು. ಈ ಲೇಔಟಿನ ದುಡ್ಡಿನಲ್ಲಿ ಪಕ್ಕದೂರಿನಲ್ಲಿ ಇನ್ನೊಂದು ಜಮೀನಿಗೆ ಅಡ್ವಾನ್ಸ್ ಕೊಡುವ ಹಳೆಯ ಆಟಕ್ಕೆ ಇದು ಕಡಿವಾಣ.

ತೆರಿಗೆಯ ಒಂದು ವಿಷಯ ಹಾಳೆಯ ಲೆಕ್ಕಕ್ಕೇ ಸೇರಬೇಕು. ಅಭಿವೃದ್ಧಿಪಡಿಸಿದ ಸೈಟು ಮಾರಾಟಕ್ಕೆ ಜಿಎಸ್‌ಟಿ ಇಲ್ಲ ಅಂತ 2022ರ ಆಗಸ್ಟಿನಲ್ಲಿ ಸುತ್ತೋಲೆ ಬಂತು. ಖುಷಿಪಡುವ ಮೊದಲು ಇನ್ನೊಂದು ಮುಖ ನೋಡಿ. ರಸ್ತೆ, ಚರಂಡಿ ಗುತ್ತಿಗೆದಾರರ ಬಿಲ್ಲಿನಲ್ಲಿ ನೀವು ಕಟ್ಟುವ ಜಿಎಸ್‌ಟಿ ವಾಪಸ್ಸು ಬರುವುದಿಲ್ಲ. 3 ಕೋಟಿ ಅಂದಾಜು ಮಾಡುವಾಗ ಜಿಎಸ್‌ಟಿ ಸೇರಿಸಿಯೇ ಮಾಡಿ.

ಕೆಲಸದ ಸರದಿ

ಮೊದಲು ಗಡಿ ಕಲ್ಲು, ಮಣ್ಣು ಸಮ ಮಾಡುವುದು. ಆಮೇಲೆ ಅತಿ ಆಳದ ಕೆಲಸ: ಒಳಚರಂಡಿ. ಅದರ ಮೇಲೆ ನೀರಿನ ಪೈಪು, ಕೇಬಲ್ಲಿನ ಡಕ್ಟ್. ಪ್ರತಿ ಸೈಟಿಗೂ ಸಂಪರ್ಕದ ತುಂಡು ಪೈಪನ್ನು ಈಗಲೇ ಸೈಟಿನ ಒಳಗೆ ತಂದು ಮುಚ್ಚಳ ಹಾಕಿ ಬಿಡಿ. ನಂತರ ಮಳೆನೀರಿನ ಚರಂಡಿ, ಜಲ್ಲಿಯ ಪದರ, ವೆಟ್‌ಮಿಕ್ಸ್ (ನೀರು ಬೆರೆಸಿ ಅದುಮುವ ಜಲ್ಲಿ ಮಿಶ್ರಣ). ಒಂದು ಮಳೆಗಾಲ ಹಾಗೇ ಬಿಡಿ. ಅಗೆದು ಮುಚ್ಚಿದ ಮಣ್ಣು ಕೂರುತ್ತದೆ. ಕುಸಿದ ಕಡೆ ತುಂಬಿ ಕೊನೆಗೆ ಟಾರು.

ಗಿರಾಕಿಗೆ ತೋರಿಸಲು ಮೊದಲೇ ಟಾರು ಹಾಕಿ, ಆರು ತಿಂಗಳಿಗೆ ಪೈಪಿಗಾಗಿ ಅಗೆದವರು ಎರಡು ಸಲ ರಸ್ತೆ ಮಾಡಿದ್ದಾರೆ. ಗಿರಾಕಿಗೆ ತೋರಿಸಲೇಬೇಕಾದರೆ ಕಮಾನು ಮತ್ತು ಮೊದಲ 100 ಅಡಿ ಮುಗಿಸಿ, ಎರಡೂ ಬದಿ ಹೊಂಗೆ, ಮಹಾಗನಿ ಗಿಡ ಹಾಕಿಸಿ. ಗಿಡವನ್ನು ಕನ್ವರ್ಷನ್ ಸಿಕ್ಕ ವರ್ಷವೇ ನೆಟ್ಟರೆ ಮಾರುವ ಹೊತ್ತಿಗೆ ಆಳುದ್ದ ಬಂದಿರುತ್ತವೆ. ಇಡೀ ಲೇಔಟ್‌ನಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ದರ ಏರಿಸುವ ಇನ್ನೊಂದು ವಸ್ತು ನಾನು ಕಂಡಿಲ್ಲ.

ರೇರಾ ಪ್ರಕಾರ ಸ್ವಾಧೀನ ಕೊಟ್ಟ ಮೇಲೆ ಐದು ವರ್ಷ ಕೆಲಸದ ದೋಷ ನಿಮ್ಮ ಹೊಣೆ. ಆದ್ದರಿಂದ ಗುತ್ತಿಗೆದಾರರ ಬಿಲ್ಲಿನಲ್ಲೂ ಸ್ವಲ್ಪ ಹಣ ತಡೆಹಿಡಿಯುವ ಷರತ್ತು ಇರಲಿ.

ಬೆಲೆ ಮತ್ತು ಬಿಡುಗಡೆ

ಪ್ರಾಧಿಕಾರ ಸಾಮಾನ್ಯವಾಗಿ ಎಲ್ಲ ಸೈಟನ್ನೂ ಒಂದೇ ಸಲ ಮಾರಲು ಬಿಡುವುದಿಲ್ಲ. ಕೆಲಸ ಮುಗಿದಂತೆ ಕಂತಿನಲ್ಲಿ ಬಿಡುಗಡೆ ಮಾಡುತ್ತದೆ. ಯಾವ ಸೈಟು ಯಾವ ಕಂತಿಗೆ ಅನ್ನುವುದರಲ್ಲಿ ಸ್ವಲ್ಪ ತಲೆ ಓಡಿಸಿ. ಮೊದಲ ಕಂತಿನಲ್ಲಿ ನಡುವಿನ ಸಾಧಾರಣ ಸೈಟುಗಳು, ಪಶ್ಚಿಮ ಮುಖದವು ಹೋಗಲಿ. ಪಾರ್ಕಿನ ಎದುರಿನವು, ಈಶಾನ್ಯ ಮೂಲೆಯವು ಕೊನೆಗಿರಲಿ. ಆ ಹೊತ್ತಿಗೆ ಹತ್ತಾರು ಮನೆ ಎದ್ದಿರುತ್ತವೆ, ದರ ತಾನಾಗಿ ಏರಿರುತ್ತದೆ. ನಮ್ಮ ನಕ್ಷೆಯಲ್ಲಿ ಪೂರ್ವ ಮುಖದ ಸಾಲುಗಳ ಉತ್ತರ ತುದಿಯ ಮೂರು ಸೈಟು ಹಾಗೆ ಇಟ್ಟುಕೊಳ್ಳಬೇಕಾದವು. ದಕ್ಷಿಣ ತುದಿಯ ಪಶ್ಚಿಮ ಮುಖದ ಮೂರನ್ನು ಮೊದಲೇ ದರ ಇಳಿಸಿ ಕೊಟ್ಟುಬಿಡಿ. ಕೊನೆಗೆ ಉಳಿದರೆ ಅವು ನಿಮ್ಮ ತಲೆ ತಿನ್ನುತ್ತವೆ.

ದರ ಇಳಿಸಬೇಕೋ ಕಾಯಬೇಕೋ ಅನ್ನುವುದಕ್ಕೂ ಅದೇ ಹಾಳೆ ಉತ್ತರ ಹೇಳುತ್ತದೆ. ಅಡಿಗೆ 50 ರೂಪಾಯಿ ಇಳಿಸಿದರೆ 57 ಲಕ್ಷ ಹೋಗುತ್ತದೆ. ಒಂದು ವರ್ಷದ ಬಡ್ಡಿ 60 ಲಕ್ಷ. 1,050ಕ್ಕೆ ಈಗ ಹೋಗುವ ಹಾಗಿದ್ದರೆ 1,100ಕ್ಕಾಗಿ ವರ್ಷ ಕಾಯುವುದರಲ್ಲಿ ಅರ್ಥವಿಲ್ಲ.

ರಸ್ತೆ, ಪಾರ್ಕು, ಸಿ.ಎ. ಸೈಟುಗಳನ್ನು ಪ್ರಾಧಿಕಾರಕ್ಕೆ ಉಚಿತವಾಗಿ ಪರಿತ್ಯಾಜನ ಪತ್ರದ ಮೂಲಕ ಬಿಟ್ಟುಕೊಡಬೇಕು. ಅದಾದ ಮೇಲೆ ಪಾರ್ಕಿನ ಮೂಲೆಯಲ್ಲಿ ಆಫೀಸ್ ಶೆಡ್ಡು ಕೂಡ ನಿಮ್ಮದಲ್ಲ. ಆಮೇಲೆ ಒಂದೊಂದು ಸೈಟಿಗೂ ಇ-ಖಾತೆ ಮಾಡಿಸಿ. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಇ-ಖಾತೆ ಇಲ್ಲದೆ ಈಗ ಸೈಟು ರಿಜಿಸ್ಟರ್ ಆಗುವುದಿಲ್ಲ. 96 ಖಾತೆಗೆ ಎಷ್ಟು ಓಡಾಟ ಅನ್ನುವುದು ಮಾಡಿದವರಿಗೇ ಗೊತ್ತು. ಅದಕ್ಕೆಂದೇ ಒಬ್ಬ ಹುಡುಗನನ್ನು ಇಟ್ಟುಕೊಳ್ಳಿ, ಅವನ ಸಂಬಳವನ್ನೂ ಹಾಳೆಯಲ್ಲಿ ಬರೆಯಿರಿ.

ಕಡೆಯದಾಗಿ, ಲೇಔಟನ್ನು ನಗರಸಭೆಗೋ ಪಂಚಾಯ್ತಿಗೋ ಹಸ್ತಾಂತರ ಮಾಡಿ ಬರವಣಿಗೆಯಲ್ಲಿ ಪತ್ರ ತೆಗೆದುಕೊಳ್ಳಿ. ಬಾಯಿ ಮಾತಿಗೆ ಬಿಡಬೇಡಿ. ಆ ಪತ್ರದ ತಾರೀಖಿನ ತನಕ ಬೀದಿ ದೀಪದ ಬಿಲ್ಲು, ಬೋರ್‌ವೆಲ್ ಮೋಟರಿನ ರಿಪೇರಿ, ಪಾರ್ಕಿನ ಮಾಲಿಯ ಸಂಬಳ ಎಲ್ಲವೂ ನಿಮ್ಮ ಜೇಬಿನಿಂದಲೇ.